‘ಓ-ಯು-ಜಿ-ಎಚ್’ ಇರುವ ವಿಚಿತ್ರ ಇಂಗ್ಲಿಷ್ ಪದಗಳು: ನಿಮ್ಮ ಹತ್ತಿರ ಇರುವುದನ್ನು ಹಾಕಿ

ಕಡ್ಲೆಪುರಿ

ನಮ್ಮ ಅಪಾರ್ಟ್‌ಮೆಂಟಿನಲ್ಲಿ ದೊಡ್ಡವರು, ಮಕ್ಕಳು ಸೇರಿ ಒಂದು ಪದಕ್ವಿಜ್ ಇಟ್ಟುಕೊಂಡಿದ್ದೇವೆ. ಅದರಲ್ಲಿ ಒಂದು ಸುತ್ತು ಪೂರ್ತಿ ಓ, ಯು, ಜಿ, ಎಚ್ ನಾಲ್ಕೂ ಸಾಲಾಗಿ ಬರುವ ಇಂಗ್ಲಿಷ್ ಪದಗಳ ಮೇಲೆ. ಟಫ್, ಎನಫ್, ಥಾಟ್, ಬಾಟ್ ಎಲ್ಲರಿಗೂ ಗೊತ್ತು. ಅವು ಬೇಡ. ಕೇಳಿದ ತಕ್ಷಣ ‘ಹೀಗೂ ಒಂದು ಪದ ಇದೆಯಾ?’ ಅನ್ನಿಸುವಂಥವು ಬೇಕು. ಅರ್ಥ, ಉಚ್ಚಾರ ಎರಡೂ ಬರೆಯಿರಿ. ಉಚ್ಚಾರ ತೋರಿಸಲು ನಮ್ಮ ಕನ್ನಡ ಲಿಪಿ ಸಾಕು. ಎ-ಯು-ಜಿ-ಎಚ್ ತರಬೇಡಿ, ಡಾಟರ್, ಲಾಫ್ಟರ್ ಅಂತ ಶುರುವಾದರೆ ಮುಗಿಯುವುದೇ ಇಲ್ಲ.

ಮೊದಲನೆಯದು ನನ್ನದು: ‘ಚಫ್’. ಸಿ-ಎಚ್ ಆದ ಮೇಲೆ ಈ ನಾಲ್ಕು ಅಕ್ಷರ. ಕಾಗೆ ಜಾತಿಯ ಒಂದು ಹಕ್ಕಿ. ಕಣ್ಣಾರೆ ನೋಡಿದವರು ಯಾರಾದರೂ ಇದ್ದೀರಾ?

ಹಕ್ಕಿಹುಚ್ಚ

ಪುರಿ ಅವರೇ, ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೋದವರಲ್ಲಿ ಎಷ್ಟೋ ಜನ ನೋಡಿರುತ್ತಾರೆ. ಕಾಗೆ ಅಂದುಕೊಂಡು ಸುಮ್ಮನಾಗಿರುತ್ತಾರೆ ಅಷ್ಟೆ. ಮೈ ಪೂರ್ತಿ ಕಪ್ಪು, ಬಿಸಿಲು ಬಿದ್ದರೆ ಮಿರಮಿರ ಮಿಂಚುತ್ತದೆ. ಕಾಲು ಕೆಂಪು. ಎರಡು ಜಾತಿ ಇವೆ. ಒಂದರ ಕೊಕ್ಕು ಉದ್ದ, ಕೆಂಪು, ಕೆಳಕ್ಕೆ ಬಾಗಿರುತ್ತದೆ. ಇನ್ನೊಂದರದು ಗಿಡ್ಡ, ಹಳದಿ. ಹಳದಿ ಕೊಕ್ಕಿನದು ಬಲು ಧೈರ್ಯದ್ದು. ಟೆಂಟಿನ ಹೊರಗೆ ಬಿಸ್ಕತ್ತಿನ ಪುಡಿ ಬಿದ್ದಿದ್ದರೆ ಪಕ್ಕಕ್ಕೇ ಬಂದು ಕೂರುತ್ತದೆ. ಎವರೆಸ್ಟ್ ಹತ್ತುವವರು ಎಸೆದ ಊಟದ ಹಿಂದೆ 8,000 ಮೀಟರ್ ದಾಟಿ ಹೋಗಿರುವ ದಾಖಲೆ ಇದೆ.

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯಕ್ಕೆ ಕೆಂಪು ಕೊಕ್ಕಿನ ಚಫ್ ಅಂದರೆ ಪ್ರಾಣ. ಅವರ ಲಾಂಛನದಲ್ಲೇ ಅದು ಇದೆ. ಆರ್ಥರ್ ರಾಜ ಸತ್ತ ಮೇಲೆ ಅವನ ಜೀವ ಈ ಹಕ್ಕಿಯೊಳಗೆ ಸೇರಿತು ಎಂದು ಅಲ್ಲಿನ ಕಥೆ. ಇಷ್ಟೆಲ್ಲ ಇದ್ದೂ 1973ರಲ್ಲಿ ಅಲ್ಲಿನ ಕೊನೆಯ ಹಕ್ಕಿ ಹೋಯಿತು. 2001ರಲ್ಲಿ ಕೆಲವು ತಾವಾಗಿಯೇ ಹಾರಿಬಂದವು, ಮರುವರ್ಷ ಗೂಡು ಕಟ್ಟಿ ಮರಿ ಮಾಡಿದವು.

ಈ ಹೆಸರು ಕಾಗೆ ಜಾತಿಯ ಕೂಗನ್ನೇ ಅನುಕರಿಸಿ ಹುಟ್ಟಿದ್ದು. ಕೂಗು ಕೇಳಿದರೆ ‘ಚಿಯಾಂವ್’ ಅಂತಿರುತ್ತದೆ. ‘ಫ್’ ಎಲ್ಲಿಂದ ಬಂತೋ, ಅದನ್ನು ಇಲ್ಲಿರುವ ಭಾಷಾ ಪಂಡಿತರು ಹೇಳಬೇಕು.

ಥೇಮ್ಸ್ ದಡದ ಗೌಡ

ನಾನು ಇರುವ ಊರಿನ ಹೆಸರನ್ನೇ ಬಿಟ್ಟುಬಿಟ್ಟಿರಲ್ಲ! ಲಂಡನ್ನಿನ ಪಶ್ಚಿಮಕ್ಕೆ, ಹೀಥ್ರೋ ವಿಮಾನ ನಿಲ್ದಾಣದ ಹತ್ತಿರ ಇರುವ ‘ಸ್ಲೌ’. ಎಸ್-ಎಲ್ ಆಮೇಲೆ ನಿಮ್ಮ ನಾಲ್ಕು ಅಕ್ಷರ. ಕೌ ಅಂದ ಹಾಗೆ ಅನ್ನಬೇಕು. ಹೊಸದಾಗಿ ಬಂದ ನಮ್ಮವರು ಮೊದಲ ವಾರ ‘ಸ್ಲೋ’, ಎರಡನೇ ವಾರ ‘ಸ್ಲಫ್’ ಅಂದು, ಮೂರನೇ ವಾರ ದಾರಿಗೆ ಬರುತ್ತಾರೆ. ಊರಿನಲ್ಲಿ ಪಂಜಾಬಿಗಳು ಜಾಸ್ತಿ, ನಾವೂ ಒಂದಷ್ಟು ಮನೆ ಇದ್ದೇವೆ.

ಪದದ ಅರ್ಥ ಕೆಸರು, ಜೌಗು ನೆಲ. ಹೆಸರು ಹೀಗಿದ್ದರೂ ಊರು ಕಮ್ಮಿಯದಲ್ಲ. ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್ ಇಲ್ಲೇ ಇದ್ದವರು. 40 ಅಡಿ ಉದ್ದದ ದೂರದರ್ಶಕ ಕಟ್ಟಿದ್ದೂ ಇಲ್ಲೇ, 1822ರಲ್ಲಿ ತೀರಿಕೊಂಡಿದ್ದೂ ಇಲ್ಲೇ. ಮಾರ್ಸ್ ಚಾಕೊಲೇಟ್ 1932ರಲ್ಲಿ ಹುಟ್ಟಿದ್ದು ಕೂಡ ಈ ಕೆಸರಿನಲ್ಲೇ.

ಡ್ರೆಸ್ಸಿಂಗ್ ಟ್ರೇ

ಗೌಡ್ರೇ, ‘ಸ್ಲಫ್’ ಅಂದವರನ್ನು ಪೂರ್ತಿ ತಳ್ಳಿಹಾಕಬೇಡಿ. ಅದೇ ಸ್ಪೆಲಿಂಗಿಗೆ ಆ ಉಚ್ಚಾರವೂ ಇದೆ, ಅರ್ಥ ಬೇರೆ. ನಾನು ನರ್ಸ್. ನಮಗೆ ಇದು ದಿನಾ ಬಳಸುವ ಪದ.

ಸಕ್ಕರೆ ಕಾಯಿಲೆ ಇರುವವರ ಕಾಲಿನ ಹುಣ್ಣು ಡ್ರೆಸ್ಸಿಂಗ್ ಮಾಡುವಾಗ ಬ್ಯಾಂಡೇಜ್ ಬಿಚ್ಚಿ, ಸಲೈನಿನಲ್ಲಿ ತೊಳೆದು, ಗಾಯದ ತಳ ನೋಡುತ್ತೇವೆ. ಕೆಂಪಗೆ ಹರಳು ಹರಳಾಗಿ ಇದ್ದರೆ ಹೊಸ ಮಾಂಸ ಬರುತ್ತಿದೆ ಎಂದು ಲೆಕ್ಕ, ಖುಷಿ. ಕಪ್ಪಗೆ ಗಟ್ಟಿಯಾಗಿದ್ದರೆ ಒಣಗಿ ಸತ್ತ ಚರ್ಮ. ಇವೆರಡರ ನಡುವೆ ಹಳದಿ ಬಣ್ಣದ, ಲೋಳೆಯಂಥ ಪದರ ಒಂದು ಅಂಟಿಕೊಂಡಿರುತ್ತದೆ. ಒರೆಸಿದರೆ ಸಲೀಸಾಗಿ ಬರುವುದಿಲ್ಲ. ಅದೇ ಸ್ಲಫ್. ಕೀವು ಅಂದುಕೊಂಡು ಮನೆಯವರು ಗಾಬರಿಯಾಗುತ್ತಾರೆ. ಅದು ಕೀವಲ್ಲ, ಸತ್ತ ಅಂಗಾಂಶ. ಗಾಯದ ತಳದಲ್ಲಿ ಸ್ಲಫ್ ಶೇಕಡ ಎಷ್ಟಿದೆ ಎಂದು ಅಂದಾಜು ಮಾಡಿ ಕೇಸ್ ಶೀಟಿನಲ್ಲಿ ಬರೆಯುತ್ತೇವೆ. ಅದು ಹೋಗದೆ ಗಾಯ ಸರಿಯಾಗಿ ಮಾಗುವುದಿಲ್ಲ.

ಹಾವು ಬಿಡುವ ಪೊರೆಗೂ ಇದೇ ಪದ. ಪೊರೆ ಕಳಚುವುದೂ ಸ್ಲಫ್, ಕಳಚಿಬಿದ್ದ ಪೊರೆಯೂ ಸ್ಲಫ್.

ಕಡ್ಲೆಪುರಿ

ಅಕ್ಕಾ, ಇದು ಕ್ವಿಜಿಗೆ ಗ್ಯಾರಂಟಿ. ‘ಒಂದೇ ಸ್ಪೆಲಿಂಗ್, ಒಂದು ಊರು, ಒಂದು ಕೆಸರು, ಒಂದು ಪೊರೆ’ ಅಂತ ಕೇಳಬಹುದು. ಊಟದ ಹೊತ್ತಿಗೆ ಮಾತ್ರ ಗಾಯದ ವಿವರ ಹೇಳುವುದಿಲ್ಲ.

ಸುಳ್ಯದ ಹುಡುಗ

ನನ್ನ ಕಡೆಯಿಂದ ‘ಸೌ’. ಎಸ್ ಒಂದೇ ಅಕ್ಷರ, ಆಮೇಲೆ ಆ ನಾಲ್ಕು. ಮರಗಳ ನಡುವೆ ಗಾಳಿ ‘ಸುಯ್’ ಎಂದು ಬೀಸುವ ಸದ್ದು. ಕೆಲವರು ಸಫ್ ಎಂದೂ ಅನ್ನುತ್ತಾರೆ.

ಅದೇ ಸ್ಪೆಲಿಂಗಿನ ಇನ್ನೊಂದು ಪದ ಇದೆ, ಅದು ನನಗೆ ಇನ್ನೂ ಇಷ್ಟ. ಇಂಗ್ಲೆಂಡಿನ ಡರ್ಬಿಶೈರಿನಲ್ಲಿ ಹಿಂದೆ ಸೀಸದ ಗಣಿಗಳಿದ್ದವು. ಗಣಿ ಆಳಕ್ಕೆ ಹೋದಂತೆ ನೀರು ತುಂಬಿಕೊಳ್ಳುತ್ತಿತ್ತು. ಆ ನೀರನ್ನು ಹೊರಗೆ ಬಿಡಲು ಗುಡ್ಡದ ಬುಡದಿಂದ ಅಡ್ಡಕ್ಕೆ, ಸ್ವಲ್ಪ ಇಳಿಜಾರಾಗಿ ಬಿಲ ಕೊರೆಯುತ್ತಿದ್ದರು. ಅದಕ್ಕೆ ‘ಸಫ್’ ಎಂದು ಹೆಸರು. ನಮ್ಮ ಕಡೆ, ಕಾಸರಗೋಡಿನವರೆಗೂ, ತೋಟಕ್ಕೆ ನೀರು ತರಲು ಮುರಕಲ್ಲಿನ ಗುಡ್ಡಕ್ಕೆ ಸುರಂಗ ಕೊರೆಯುತ್ತಾರಲ್ಲ, ಹೆಚ್ಚುಕಮ್ಮಿ ಅದೇ. ಅವರಿಗೆ ಬೇಡದ ನೀರು, ನಮಗೆ ಬೇಕಾದ ನೀರು, ಅಷ್ಟೇ ವ್ಯತ್ಯಾಸ.

ಗೋಲ್ ಪೋಸ್ಟ್

‘ಕ್ಲಫ್’. ಉತ್ತರ ಇಂಗ್ಲೆಂಡಿನಲ್ಲಿ ಕಡಿದಾದ ಕಿರು ಕಣಿವೆ. ಫುಟ್‌ಬಾಲ್ ನೋಡುವವರಿಗೆ ಮ್ಯಾನೇಜರ್ ಬ್ರಯನ್ ಕ್ಲಫ್ ಹೆಸರು ಗೊತ್ತಿರುತ್ತದೆ. ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಕ್ಕೆ 1979, 1980 ಎರಡೂ ವರ್ಷ ಯುರೋಪಿಯನ್ ಕಪ್ ಗೆದ್ದುಕೊಟ್ಟವರು.

ಬೆಣ್ಣೆದೋಸೆ

ಇದೆಲ್ಲ ಓದಿ ನನಗೆ ಬಿಕ್ಕಳಿಕೆ ಬಂತು. ಅದಕ್ಕೂ ಇಂಗ್ಲಿಷಿನಲ್ಲಿ ಇದೇ ನಾಲ್ಕು ಅಕ್ಷರ, ಅನ್ನುವುದು ‘ಹಿಕಪ್’! ‘ಪ್’ ಎಲ್ಲಿದೆ ಸ್ವಾಮಿ ಅದರಲ್ಲಿ? ಒಂದು ಕಡೆ ಫ್, ಒಂದು ಕಡೆ ಔ, ಒಂದು ಕಡೆ ಓ, ಇಲ್ಲಿ ಅಪ್. ಈ ಭಾಷೆಗೆ ತಲೆ ಕೆಟ್ಟಿದೆ. ಕನ್ನಡ ನೋಡಿ, ಬರೆದ ಹಾಗೆ ಓದುತ್ತೇವೆ, ಓದಿದ ಹಾಗೆ ಬರೆಯುತ್ತೇವೆ. ಚರ್ಚೆ ಮುಗೀತು.

ಮಲ್ಲೇಶ್ವರಂ ಜರ್ಮನ್

ದೋಸೆ ಅವರೇ, ಹಿಕಪ್ ವಿಚಾರದಲ್ಲಿ ನಿಮ್ಮ ಸಿಟ್ಟು ಸರಿ. ಅದು ಕಳ್ಳ ಸ್ಪೆಲಿಂಗ್. ಮೊದಲು ಯು-ಪಿ ಹಾಕಿ ಸರಿಯಾಗಿಯೇ ಬರೆಯುತ್ತಿದ್ದರು. 17ನೇ ಶತಮಾನದಲ್ಲಿ ಯಾರೋ ಅದಕ್ಕೂ ಕೆಮ್ಮಿಗೂ ಸಂಬಂಧ ಇರಬೇಕು ಅಂದುಕೊಂಡು, ಕೆಮ್ಮಿನ ‘ಕಾಫ್’ ತಂದು ಬಾಲಕ್ಕೆ ಅಂಟಿಸಿದರು. ಸದ್ದು ಮಾತ್ರ ಹಳೆಯದೇ ಉಳಿಯಿತು. ಈಗ ಬಹಳಷ್ಟು ಜನ ಮತ್ತೆ ಯು-ಪಿ ಸ್ಪೆಲಿಂಗಿಗೇ ಬಂದಿದ್ದಾರೆ.

‘ಫರ್ಲೋ’ ಕೂಡ ಹೀಗೇ ಒಳಗೆ ನುಗ್ಗಿದ್ದು. ಜೈಲಿನ ಸುದ್ದಿಯಲ್ಲಿ ಪೆರೋಲ್ ಜೊತೆ ಬರುತ್ತದಲ್ಲ, ಅದೇ. ಸಿಪಾಯಿಗಳ ರಜೆ ಎಂಬ ಅರ್ಥದಲ್ಲಿ ಡಚ್ಚರಿಂದ ಬಂದ ಪದ. ಅವರಲ್ಲಿ ಅದು ಎಫ್‌ನಲ್ಲಿ ಮುಗಿಯುತ್ತದೆ. 2020ರ ಮಾರ್ಚಿನಲ್ಲಿ ಬ್ರಿಟನ್ ಸರ್ಕಾರ ಕೆಲಸ ನಿಂತುಹೋದವರಿಗೆ ಸಂಬಳದ ಪಾಲು ಕೊಡುವ ಯೋಜನೆ ತಂದಾಗ ಈ ಪದ ಎಲ್ಲರ ಬಾಯಿಗೂ ಬಂತು. ದೆಹಲಿ ಕಡೆ ‘ಫರ್ಲೋ ಮಾರ್ನಾ’ ಅಂದರೆ ಡ್ಯೂಟಿಗೆ ಚಕ್ಕರ್ ಹೊಡೆಯುವುದು.

ಉಳಿದವುಗಳಲ್ಲಿ ಹೆಚ್ಚಿನವಕ್ಕೆ ತಲೆ ಕೆಟ್ಟಿಲ್ಲ. ಆ ಜಿ-ಎಚ್ ಸುಮ್ಮನೆ ಕೂತಿದ್ದಲ್ಲ, ಒಂದು ಕಾಲದಲ್ಲಿ ಅದಕ್ಕೆ ಸದ್ದಿತ್ತು. ಗಂಟಲಿನಿಂದ ಉಜ್ಜಿಕೊಂಡು ಬರುವ ‘ಖ್ಹ್’, ಉರ್ದುವಿನ ‘ಖುದಾ’ದಲ್ಲಿ ಬರುತ್ತದಲ್ಲ, ಅಂಥದ್ದು. ಹಳೆಯ ಇಂಗ್ಲಿಷಿನವರು ಅದನ್ನು ಬರೀ ಎಚ್ ಹಾಕಿ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಬಂದ ಮೇಲಿನ ಲಿಪಿಕಾರರ ಕೈಯಲ್ಲಿ ಅದು ಕ್ರಮೇಣ ಜಿ-ಎಚ್ ಆಯಿತು. ಆಮೇಲೆ ಸದ್ದು ಹೋಯಿತು, ಅಕ್ಷರ ಉಳಿಯಿತು. ಕೆಲವು ಕಡೆ ಪೂರ್ತಿ ಹೋಯಿತು: ‘ಆದರೂ’ ಎಂಬ ಅರ್ಥದ ದೋ, ಥ್ರೂ, ಬೌ. ಕೆಲವು ಕಡೆ ‘ಫ್’ ಆಯಿತು: ಟಫ್, ಕಾಫ್, ಹಕ್ಕಿಹುಚ್ಚರ ಚಫ್. ಒಂದೊಂದು ಸೀಮೆಯವರು ಒಂದೊಂದು ಥರ ಅನ್ನುತ್ತಿದ್ದರು. ಲಂಡನ್ನಿನ ಭಾಷೆ ಒಂದು ಪದವನ್ನು ಈ ಸೀಮೆಯಿಂದ, ಇನ್ನೊಂದನ್ನು ಆ ಸೀಮೆಯಿಂದ ಎತ್ತಿಕೊಂಡಿತು. ಕಲಬೆರಕೆ ಆಗಿದ್ದು ಅಲ್ಲಿ. ಹಿಟ್ಟಿನ ಕಣಕಕ್ಕೆ ‘ಡೋ’ ಅನ್ನುತ್ತೇವಲ್ಲ, ಉತ್ತರದವರು ಅದನ್ನೇ ‘ಡಫ್’ ಅಂದರು. ‘ಪ್ಲಮ್ ಡಫ್’ ಎಂಬ ಪುಡಿಂಗಿನಲ್ಲಿ ಅದು ಇನ್ನೂ ಇದೆ.

ಜರ್ಮನ್ ಕಲಿತವರಿಗೆ ಇದು ಎದುರಿಗೇ ಕಾಣುತ್ತದೆ. ಇಂಗ್ಲಿಷಿನ ಥ್ರೂ ಅಲ್ಲಿ ‘ಡುರ್ಖ್’, ದೋ ಅಲ್ಲಿ ‘ಡೊಖ್’. ಅವರ ಬಾಯಲ್ಲಿ ಆ ಸದ್ದು ಈಗಲೂ ಇದೆ.

ಥೇಮ್ಸ್ ದಡದ ಗೌಡ

ಆ ಸದ್ದು ಐರ್ಲೆಂಡಿನಲ್ಲೂ ಇದೆ. ಎಲ್ ಆಮೇಲೆ ನಾಲ್ಕು ಅಕ್ಷರ ಹಾಕಿದರೆ ‘ಲಾಖ್’, ಅಂದರೆ ಕೆರೆ, ಸರೋವರ. ಉತ್ತರ ಐರ್ಲೆಂಡಿನ ‘ಲಾಖ್ ನೇ’ ಸುಮಾರು 390 ಚದರ ಕಿಲೋಮೀಟರ್. ಬ್ರಿಟನ್, ಐರ್ಲೆಂಡ್ ಎರಡರಲ್ಲೂ ಅದಕ್ಕಿಂತ ದೊಡ್ಡ ಸರೋವರ ಇಲ್ಲ.

ನಿವೃತ್ತ ಸಂಸ್ಕೃತ ಮೇಷ್ಟ್ರು

ಜರ್ಮನ್ ಅವರು ಅರ್ಧ ದಾರಿಗೆ ನಿಂತರು. ಇನ್ನೂ ಹಿಂದಕ್ಕೆ ಹೋಗಿ. ಮರದ ಕೊಂಬೆಗೆ ‘ಬೌ’ ಅನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಭುಜ, ತೋಳು ಎಂಬ ಅರ್ಥವೂ ಇತ್ತು. ನಮ್ಮ ಸಂಸ್ಕೃತದ ‘ಬಾಹು’ ಅದರ ದಾಯಾದಿ, ಎರಡೂ ಒಂದೇ ಬೇರಿನವು. ಅಲ್ಲಿ ಜಿ-ಎಚ್ ಎಂದು ಬರೆದು ಬಿಟ್ಟದ್ದನ್ನು ನಾವು ಹಕಾರವಾಗಿ ಇನ್ನೂ ಉಚ್ಚರಿಸುತ್ತಿದ್ದೇವೆ.

ಇನ್ನೊಂದು ಹೇಳುತ್ತೇನೆ, ಚಪಾತಿ ಮಾಡುವವರು ಕೇಳಿ. ಕಣಕ ಎಂಬ ಅರ್ಥದ ಆ ‘ಡೋ’, ನಮ್ಮ ‘ದೇಹ’, ಎರಡೂ ಒಂದೇ ಮೂಲದವು. ಸಂಸ್ಕೃತದಲ್ಲಿ ‘ದಿಹ್’ ಎಂದರೆ ಬಳಿಯುವುದು, ಮೆತ್ತುವುದು. ಮೆತ್ತಿ ರೂಪ ಕೊಟ್ಟದ್ದು ದೇಹ. ಅಲ್ಲೂ ನಾದಿ ರೂಪ ಕೊಡುವುದೇ. ಜಿ-ಎಚ್ ಇದ್ದ ಕಡೆ ಹಕಾರ, ನೋಡಿ.

ಡ್ರೆಸ್ಸಿಂಗ್ ಟ್ರೇ

ಮೇಷ್ಟ್ರೇ, ಮೈ ನುಗ್ಗಾಗಿ ಡ್ಯೂಟಿಯಿಂದ ಬಂದಿದ್ದೇನೆ. ದೇಹ ನಾದಿದ ಹಿಟ್ಟು ಅನ್ನುವುದನ್ನು ಪೂರ್ತಿ ನಂಬುತ್ತೇನೆ.

ಬೆಣ್ಣೆದೋಸೆ

ಸರಿ, ಒಪ್ಪಿದೆ, ಒಂದು ಕಾಲದಲ್ಲಿ ಸದ್ದು ಇತ್ತು. ಸದ್ದು ಹೋದ ಮೇಲೆ ಅಕ್ಷರ ಯಾಕೆ ಇಟ್ಟುಕೊಳ್ಳಬೇಕು? ನಾವು ಬಿಟ್ಟಿಲ್ಲವಾ? ಹಳಗನ್ನಡದಲ್ಲಿ ‘ೞ’ ಇತ್ತು. ಏೞು, ಕೋೞಿ, ಬಾೞೆ. ಸದ್ದು ಬಾಯಿಂದ ಹೋಯಿತು, ಅಕ್ಷರವನ್ನೂ ಬಿಟ್ಟೆವು. ಏಳು, ಕೋಳಿ, ಬಾಳೆ. ಯಾರಿಗೂ ನಷ್ಟ ಇಲ್ಲ.

ನಿವೃತ್ತ ಸಂಸ್ಕೃತ ಮೇಷ್ಟ್ರು

ಬಿಟ್ಟಿದ್ದು ಅಷ್ಟು ಸಲೀಸಾಗಿ ಅಲ್ಲ ಮಾರಾಯರೇ. 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣ ಬರೆಯುವಾಗ ಯಾವ ಪದದಲ್ಲಿ ‘ೞ’ ಬರೆಯಬೇಕು ಎಂದು ಪಟ್ಟಿಯನ್ನೇ ಕೊಡಬೇಕಾಯಿತು. ಬಾಯಲ್ಲಿ ಇದ್ದಿದ್ದರೆ ಪಟ್ಟಿ ಯಾಕೆ ಬೇಕು? ಅವತ್ತಿನ ಹುಡುಗರಿಗೂ ಇದೊಂದು ಸ್ಪೆಲಿಂಗ್ ಪಾಠವೇ ಆಗಿರಬೇಕು. ತಮಿಳರು ಇವತ್ತಿಗೂ ಆ ಅಕ್ಷರ ಇಟ್ಟುಕೊಂಡಿದ್ದಾರೆ.

ಸುಳ್ಯದ ಹುಡುಗ

‘ಬರೆದ ಹಾಗೆ ಓದುತ್ತೇವೆ’ ಎಂಬ ಮಾತನ್ನೂ ಸ್ವಲ್ಪ ನೋಡೋಣ. ‘ಜ್ಞಾನ’ ಎಂದು ಬರೆಯುತ್ತೇವೆ. ಅಲ್ಲಿ ಇರುವುದು ಜಕಾರ, ಅದರ ಕೆಳಗೆ ಞ. ಜೋರಾಗಿ ಓದಿ. ‘ಗ್ನಾನ’ ಅಂದಿರೋ, ‘ಗ್ಯಾನ’ ಅಂದಿರೋ? ಜಕಾರ ಎಲ್ಲಿ ಹೋಯಿತು? ‘ಬ್ರಹ್ಮ’ ಎಂದು ಬರೆದು ‘ಬ್ರಮ್ಹ’ ಅನ್ನುತ್ತೇವೆ. ‘ಚಿಹ್ನೆ’ ಬರೆದು ‘ಚಿನ್ಹೆ’ ಅನ್ನುತ್ತೇವೆ. ‘ಷ’ ಬರೆಯುತ್ತೇವೆ, ಬಾಯಲ್ಲಿ ‘ಶ’ಕ್ಕೂ ಅದಕ್ಕೂ ವ್ಯತ್ಯಾಸ ಮಾಡುವವರನ್ನು ಬೆರಳಲ್ಲಿ ಎಣಿಸಬಹುದು. ಕನ್ನಡದ ಓ-ಯು-ಜಿ-ಎಚ್ ಯಾವುದು ಅಂದರೆ ‘ಜ್ಞ’ ಅಂತ ನನ್ನ ಓಟು.

ಬೆಣ್ಣೆದೋಸೆ

ಜ್ಞ ಯಾವ ಪದದಲ್ಲಿ ಬಂದರೂ ಒಂದೇ ಥರ ತಪ್ಪುತ್ತೇವೆ ಗುರು. ಜ್ಞಾನ, ವಿಜ್ಞಾನ, ಆಜ್ಞೆ, ಯಜ್ಞ, ಎಲ್ಲದಕ್ಕೂ ಒಂದೇ ಸದ್ದು. ಒಂದು ಸಲ ಕಲಿತರೆ ಆಯಿತು. ಅವರದು ಹಾಗಾ? ಒಂದೇ ಅಕ್ಷರಸಾಲಿಗೆ ಹತ್ತು ಥರ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮಲ್ಲೇಶ್ವರಂ ಜರ್ಮನ್

ಈ ಪಾಯಿಂಟು ದೋಸೆ ಅವರದ್ದೇ. ಸುಳ್ಯದವರು ಇದಕ್ಕೆ ಏನೂ ಹೇಳುವ ಹಾಗಿಲ್ಲ.

ಆದರೆ ಇಂಗ್ಲಿಷಿನವರು ಸುಮ್ಮನೆ ಕೂತಿಲ್ಲ, ಬಿಡಿಸಲು ನೋಡಿದ್ದಾರೆ. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ 300 ಪದಗಳ ಸ್ಪೆಲಿಂಗ್ ಸರಳ ಮಾಡಿ ಬಳಸುವಂತೆ ಸರ್ಕಾರಿ ಮುದ್ರಣಾಲಯಕ್ಕೆ ಆದೇಶ ಕೊಟ್ಟರು. ದೋ, ಥ್ರೂ ಎರಡರ ಬಾಲವನ್ನೂ ಅದರಲ್ಲಿ ಕತ್ತರಿಸಿದ್ದರು. ಪತ್ರಿಕೆಗಳು ಗೇಲಿ ಮಾಡಿದವು, ಸಂಸತ್ತು ಒಪ್ಪಲಿಲ್ಲ, ವರ್ಷ ಮುಗಿಯುವ ಮೊದಲೇ ಆದೇಶ ಬಿದ್ದುಹೋಯಿತು. ಆಮೇಲೆ ಷಿಕಾಗೊ ಟ್ರಿಬ್ಯೂನ್ ಪತ್ರಿಕೆ 1934ರಿಂದ ತನ್ನ ಪುಟಗಳಲ್ಲಿ ಇಂಥ ಸರಳ ಸ್ಪೆಲಿಂಗ್ ಜಾರಿಗೆ ತಂದಿತು. ನಾಲ್ಕು ದಶಕ ಹಟ ಹಿಡಿದು 1975ರಲ್ಲಿ ಕೈಬಿಟ್ಟಿತು. ಶಾಲೆಯಲ್ಲಿ ಮೇಡಂ ಒಂದು ಥರ, ಮನೆಗೆ ಬರುವ ಪೇಪರ್ ಒಂದು ಥರ ಅಂದರೆ ಮಕ್ಕಳು ಏನು ಮಾಡಬೇಕು, ಅಲ್ವಾ?

ಗೆದ್ದದ್ದು ಕೆಲವು ಮಾತ್ರ. ನೇಗಿಲಿಗೆ ಅಮೆರಿಕದವರು ಪಿ-ಎಲ್-ಓ-ಡಬ್ಲ್ಯು. ಡೋನಟ್‌ನಲ್ಲಿ ಬರೀ ಡಿ-ಓ. ಹೆದ್ದಾರಿ ಪಕ್ಕದ ‘ಡ್ರೈವ್ ಥ್ರೂ’ ಬೋರ್ಡಿನಲ್ಲಿ ಟಿ-ಎಚ್-ಆರ್-ಯು.

ಗೇಟ್ ಗ್ರಿಲ್

ನಾನು ಫ್ಯಾಬ್ರಿಕೇಷನ್ ಅಂಗಡಿ ಇಟ್ಟಿರುವವನು. ‘ರಾಟ್ ಐರನ್’ ಗೇಟ್ ಬೇಕು ಅಂತ ಬರುತ್ತಾರೆ. ಅರ್ಧ ಜನ ‘ರಾಡ್ ಐರನ್’ ಅನ್ನುತ್ತಾರೆ, ಕಬ್ಬಿಣದ ರಾಡ್ ಇರುತ್ತದಲ್ಲ, ಅದಕ್ಕೇ ಆ ಹೆಸರು ಅಂದುಕೊಂಡು. ಡಬ್ಲ್ಯು-ಆರ್ ಆಮೇಲೆ ಈ ನಾಲ್ಕು, ಕೊನೆಗೆ ಟಿ. ‘ವರ್ಕ್’ ಎಂಬ ಪದದ ಹಳೆಯ ಭೂತಕಾಲ. ಕಾಯಿಸಿ, ಬಡಿದು, ಕೆಲಸ ಮಾಡಿದ ಕಬ್ಬಿಣ. ನಿಜ ಹೇಳಬೇಕೆಂದರೆ ಈಗ ಆ ಹೆಸರಿನಲ್ಲಿ ಮಾರುವುದೆಲ್ಲ ಮೈಲ್ಡ್ ಸ್ಟೀಲ್. ಅಸಲಿ ರಾಟ್ ಐರನ್ ಸಿಗುವುದು ಬಲು ಕಷ್ಟ.

ಕಡ್ಲೆಪುರಿ

ಹಾಗಾದರೆ ಕೊನೆಗೆ ಟಿ ಬಂದರೆ ‘ಆಟ್’ ಅನ್ನಬೇಕು ಅಂತ ನಿಯಮ ಮಾಡಬಹುದಾ? ಮಕ್ಕಳಿಗೆ ಹೇಳಿಕೊಡಬಹುದು.

ಮಲ್ಲೇಶ್ವರಂ ಜರ್ಮನ್

ಬಹುತೇಕ ನಡೆಯುತ್ತದೆ. ಬಾಟ್, ಫಾಟ್, ಸಾಟ್, ನಾಟ್, ರಾಟ್. ತಪ್ಪಿಸಿಕೊಂಡವು ಎರಡು. ಒಂದು ‘ಡ್ರೌಟ್’, ಬರಗಾಲ. ಟಿವಿಯಲ್ಲಿ ಇದನ್ನು ‘ಡ್ರಾಟ್’ ಎಂದು ಓದುವುದು ಕಿವಿಗೆ ಬೀಳುತ್ತಿರುತ್ತದೆ. ಇನ್ನೊಂದು ‘ಡೌಟಿ’. ಡೌಟು ಇರುವವನಲ್ಲ, ಉಲ್ಟಾ. ಎದೆಗಾರ, ಹೆದರದವನು ಎಂದು ಅರ್ಥ. ಇದನ್ನು ಕ್ವಿಜಿನಲ್ಲಿ ಹಾಕಿ, ಎಲ್ಲರೂ ಬೀಳುತ್ತಾರೆ.

ಹಕ್ಕಿಹುಚ್ಚ

ಮಳೆಗಾಲದ ಪದ ಒಂದು ಬಿಟ್ಟಿದ್ದೀರಿ. ‘ಕರಾವಳಿಯುದ್ದಕ್ಕೂ ಟ್ರಫ್ ಇದೆ’ ಎಂದು ಹವಾಮಾನ ಸುದ್ದಿಯಲ್ಲಿ ಬರುತ್ತದಲ್ಲ, ಒತ್ತಡ ಕಡಿಮೆ ಇರುವ ಉದ್ದನೆಯ ಪಟ್ಟಿ. ನಿಘಂಟಿನ ಪ್ರಕಾರ ‘ಟ್ರಾಫ್’. ಮೂಲ ಅರ್ಥ ದನಗಳಿಗೆ ಮೇವು ಹಾಕುವ ಗೋದಲಿ, ನೀರಿನ ಬಾನಿ.

ಥೇಮ್ಸ್ ದಡದ ಗೌಡ

ದನ ಅಂದಿರಿ, ನೆನಪಾಯಿತು. ಎಚ್ ಹಾಕಿ ಆ ನಾಲ್ಕು ಅಕ್ಷರ ಬರೆದರೆ ‘ಹಾಕ್’. ದನ, ಕುದುರೆಗಳ ಹಿಂಗಾಲಿನ ಕೀಲು. ಇಲ್ಲಿ ಜಿ-ಎಚ್ ಹೋಗಿ ‘ಕ್’ ಆಗಿದೆ. ಸ್ಕಾಟ್ಲೆಂಡಿನಲ್ಲಿ ‘ಪಾಟೆಡ್ ಹಾಖ್’ ಎಂಬ ತಿನಿಸು ಇದೆ, ದನದ ಕಾಲಿನ ಮಾಂಸ ಕುದಿಸಿ ಹೆಪ್ಪುಗಟ್ಟಿಸಿದ್ದು. 1611ರ ಇಂಗ್ಲಿಷ್ ಬೈಬಲಿನಲ್ಲಿ ಇದು ಕ್ರಿಯಾಪದವಾಗಿಯೂ ಬರುತ್ತದೆ. ಶತ್ರುಗಳ ಕುದುರೆ ಓಡದಂತೆ ಹಿಂಗಾಲಿನ ನರ ಕತ್ತರಿಸುವುದು. ಭಯಂಕರ.

ಇನ್ನೊಂದು ‘ಬ್ರೂಮ್’. ಬಿ-ಆರ್, ಆ ನಾಲ್ಕು, ಆಮೇಲೆ ಎ-ಎಂ. ಪೊರಕೆ ಅಲ್ಲ! ಒಂದೇ ಕುದುರೆಯ, ನಾಲ್ಕು ಚಕ್ರದ ಮುಚ್ಚಿದ ಗಾಡಿ. ಒಳಗೆ ಇಬ್ಬರು, ಗಾಡಿ ಹೊಡೆಯುವವನು ಮುಂದೆ ಹೊರಗೆ. ಲಾರ್ಡ್ ಬ್ರೂಮ್ ಎಂಬ ವಕೀಲ, ರಾಜಕಾರಣಿ 1838ರ ಸುಮಾರಿಗೆ ತನಗೆ ಬೇಕಾದಂತೆ ಮಾಡಿಸಿಕೊಂಡದ್ದು. ಆಮೇಲೆ ಕ್ಯಾಡಿಲಾಕ್‌ನವರು ತಮ್ಮ ಕಾರಿಗೂ ಆ ಹೆಸರು ಇಟ್ಟರು.

ಕಡ್ಲೆಪುರಿ

ಸಾಕಷ್ಟು ಆಯಿತು, ಎಲ್ಲರಿಗೂ ಥ್ಯಾಂಕ್ಸ್. ಒಂದೇ ಗೊಂದಲ. ಪ್ರಶ್ನೆಯನ್ನು ಬೋರ್ಡ್ ಮೇಲೆ ಬರೆದು ತೋರಿಸಲೋ, ಬಾಯಲ್ಲಿ ಹೇಳಲೋ? ಬರೆದರೆ ಉಚ್ಚಾರ ಕೇಳಬೇಕು, ಹೇಳಿದರೆ ಸ್ಪೆಲಿಂಗ್ ಕೇಳಬೇಕು.

ಸುಳ್ಯದ ಹುಡುಗ

ಮಕ್ಕಳಿಗೆ ಬರೆದು ತೋರಿಸಿ, ದೊಡ್ಡವರಿಗೆ ಬಾಯಲ್ಲಿ ಹೇಳಿ. ಆಗ ಸೋಲುವುದು ದೊಡ್ಡವರೇ, ಮಜಾ ಇರುತ್ತದೆ. ಸ್ಪೆಲಿಂಗ್ ವಿಷಯದಲ್ಲಿ ಈಗಿನ ಮಕ್ಕಳು ನಮಗಿಂತ ಚುರುಕು.

ಥೇಮ್ಸ್ ದಡದ ಗೌಡ

ಟೈ ಆದರೆ ಲೆಸ್ಟರ್‌ಶೈರಿನ ಒಂದು ಊರಿನ ಹೆಸರು ಬರೆದು ತೋರಿಸಿ. ನಿಮ್ಮ ನಾಲ್ಕು ಅಕ್ಷರ ಅದರಲ್ಲಿ ಎರಡು ಸಲ ಬರುತ್ತದೆ. ಮೊದಲ ಸಲ ‘ಅಫ್’, ಎರಡನೇ ಸಲ ಬರೀ ‘ಅ’. ಅನ್ನುವುದು ‘ಲಫ್‌ಬರ’. ಆಸ್ಟ್ರೇಲಿಯಾದವರು ಅದನ್ನು ‘ಲೂಗಬರೂಗ’ ಎಂದು ಓದುತ್ತಾರೆ ಎಂದು ಇಲ್ಲೊಂದು ಹಳೆಯ ಜೋಕು ಇದೆ. ನಮ್ಮ ಹುಡುಗರು ಏನು ಓದಿದರು ಅಂತ ಕ್ವಿಜ್ ಮುಗಿದ ಮೇಲೆ ತಪ್ಪದೆ ಇಲ್ಲಿ ಬರೆಯಿರಿ.

ಬೆಣ್ಣೆದೋಸೆ

ಅದರ ಬೆನ್ನಿಗೇ ‘ಮಿಡಲ್ಸ್‌ಬರ’ ಹೇಳಿ, ಸ್ಪೆಲಿಂಗ್ ಕೇಳಿ. ಅದರಲ್ಲಿ ಕೊನೆಗೆ ಒಂದೇ ಓ. ಲಫ್‌ಬರ ಸರಿ ಮಾಡಿದವರೂ ಅಲ್ಲಿ ಒಂದು ಓ ಜಾಸ್ತಿ ಹಾಕಿ ಔಟಾಗುತ್ತಾರೆ.